ಶಾಲಿನ ಅಂಚು ಯಾವ ಬಣ್ಣ?

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ನಡುಮನೆಯ ಗೋಡೆಯಿಂದ ಹಿರಿಯರ ಫೋಟೋಗಳನ್ನು ಇಳಿಸಿ ಒರೆಸುವುದು ಚಿಕ್ಕಂದಿನಿಂದಲೂ ನನ್ನ ಪಾಲಿನ ಕೆಲಸ. ಗಾಜು ಒರೆಸಿ, ಗಂಧದ ಹಾರದ ದೂಳು ಕೊಡವಿ, ಕುಂಕುಮ ಇಟ್ಟು, ಮರುದಿನ ಎಡೆ ಇಡುವ ಜಾಗದಲ್ಲಿ ಸಾಲಾಗಿ ಒರಗಿಸಬೇಕು. ಅಪ್ಪನದು ಕಲರ್ ಲ್ಯಾಬಿನ ಫೋಟೋ. ಮೂವತ್ತು ವರ್ಷಕ್ಕೇ ಅದರ ನೀಲಿ, ಹಸಿರು ಎಲ್ಲ ಮಾಸಿ ಅಪ್ಪನ ಮುಖ ಕೆಂಪಗೆ ತಿರುಗಿದೆ. ಚಿಕ್ಕಪ್ಪನದು ಕಂಪ್ಯೂಟರಿನಲ್ಲಿ ತಿದ್ದಿ ತೆಗೆದ ಪ್ರಿಂಟು. ಹೊಳೆಯುತ್ತದೆ, ಆದರೆ ಚಿಕ್ಕಪ್ಪನ ಕೆನ್ನೆಯ ಮೇಲಿದ್ದ ಮಚ್ಚೆಯೇ ಅಳಿಸಿಹೋಗಿದೆ. ಮಾಸದೆ ಉಳಿದಿರುವುದು ಅಜ್ಜ ಅಜ್ಜಿಯ ಜೋಡಿ ಫೋಟೋ ಒಂದೇ. ತೇಗದ ಕಟ್ಟು, ಒಳಗೆ ಕಂದು ನೆರಳು, ಅದರ ಮೇಲೆ ತೆಳ್ಳಗೆ ಕೈಯಿಂದ ಹಚ್ಚಿದ ಬಣ್ಣ.

ಆ ಫೋಟೋದಲ್ಲಿ ಅಜ್ಜ ಅಜ್ಜಿ ಅಕ್ಕಪಕ್ಕ ಕೂತಿದ್ದಾರೆ. ನಿಜಕ್ಕೂ ಅವರಿಬ್ಬರೂ ಕ್ಯಾಮೆರಾದ ಮುಂದೆ ಒಂದು ದಿನವೂ ಜೊತೆಯಾಗಿ ಕೂತವರಲ್ಲ.

ಅಜ್ಜ ತೀರಿಕೊಂಡಾಗ ಅವರದೆಂದು ಮನೆಯಲ್ಲಿ ಇದ್ದದ್ದು ಸಹಕಾರ ಸಂಘದವರು ತೆಗೆಸಿದ ಒಂದು ಗ್ರೂಪ್ ಫೋಟೋ ಮಾತ್ರ. ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು. ಮುಖ ಅವರೆಕಾಳಿನಷ್ಟು. ಹನ್ನೆರಡು ವರ್ಷ ಅಜ್ಜಿ ಆ ಅವರೆಕಾಳಿಗೇ ಹೂವಿಟ್ಟು ಎಡೆ ಇಟ್ಟರು. 1978ರಲ್ಲಿ ಒಂದು ದಿನ ಅಪ್ಪನನ್ನು ಕರೆದು, "ನಂಗೂ ವಯಸ್ಸಾಯ್ತು ಕಣೋ. ಅವರ ಜೊತೆ ನಂದೂ ಒಂದು ಫೋಟೋ ಮಾಡಿಸು" ಅಂದರು.

ತಿಪಟೂರಿನ ಪೇಟೆಬೀದಿಯ ಸ್ಟುಡಿಯೋಗೆ ಅಪ್ಪ, ಅಜ್ಜಿ, ದೊಡ್ಡತ್ತೆ, ನಾನು ಬಸ್ಸಿನಲ್ಲಿ ಹೋದೆವು. ಸ್ಟುಡಿಯೋ ನಡೆಸುತ್ತಿದ್ದವರನ್ನು ಊರೆಲ್ಲ ಫೋಟೋ ರಾಯರು ಎನ್ನುತ್ತಿತ್ತು. ಅವರು ಗ್ರೂಪ್ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿ, "ಮಾಡಬಹುದು, ಒಂದು ತಿಂಗಳು ಬೇಕು" ಅಂದರು.

ಒಂದು ತಿಂಗಳು ಯಾಕೆಂದು ಆಗ ತಿಳಿಯಲಿಲ್ಲ. ದೊಡ್ಡವನಾದ ಮೇಲೆ ರಜೆಯಲ್ಲಿ ಅದೇ ಸ್ಟುಡಿಯೋದಲ್ಲಿ ಕೂತು ನೋಡಿ ತಿಳಿದುಕೊಂಡೆ. ಮೊದಲು ಹಳೆಯ ಫೋಟೋವನ್ನು ಗೋಡೆಗೆ ಒತ್ತಿಟ್ಟು ಅದರ ಫೋಟೋ ತೆಗೆಯಬೇಕು. ಆ ನೆಗೆಟಿವ್‌ನಿಂದ ಬೇಕಾದ ಮುಖವನ್ನಷ್ಟೇ ಎನ್‌ಲಾರ್ಜರಿನಲ್ಲಿ ದೊಡ್ಡದು ಮಾಡಿ, ಚೂಪಾದ ಕತ್ತರಿಯಿಂದ ಅಂಚು ಕತ್ತರಿಸಿ, ಇನ್ನೊಂದು ಫೋಟೋದ ಪಕ್ಕದಲ್ಲಿ ಅಂಟಿಸಬೇಕು. ಕುತ್ತಿಗೆ, ಭುಜ, ಕೋಟು ಇವನ್ನು ಕುಂಚದಿಂದ ಬರೆದು ಸೇರಿಸಬೇಕು. ಅಂಟಿಸಿದ್ದರ ಫೋಟೋ ಮತ್ತೆ ತೆಗೆದು ಹೊಸ ನೆಗೆಟಿವ್ ಮಾಡಬೇಕು. ಚೆನ್ನಾಗಿ ಮೊನೆ ಮಾಡಿದ ಪೆನ್ಸಿಲಿನಿಂದ ಆ ನೆಗೆಟಿವ್ ಮೇಲೆಯೇ ಚುಕ್ಕಿ ಚುಕ್ಕಿ ಇಟ್ಟು ಗೀರು, ಕಲೆ ಮುಚ್ಚಬೇಕು. ಇಷ್ಟೆಲ್ಲ ಆದ ಮೇಲೆ ಬ್ರೋಮೈಡ್ ಕಾಗದದ ಮೇಲೆ ಪ್ರಿಂಟು.

ಪ್ರಿಂಟನ್ನು ಕಂದು ಬಣ್ಣಕ್ಕೆ ತಿರುಗಿಸುವ ಕೆಲಸವನ್ನು ರಾಯರು ಸ್ಟುಡಿಯೋದ ಹಿತ್ತಲಲ್ಲಿ ಮಾಡುತ್ತಿದ್ದರು. ಒಂದು ತಟ್ಟೆಯಲ್ಲಿ ಪೊಟ್ಯಾಸಿಯಂ ಫೆರಿಸಯನೈಡಿನ ಹಳದಿ ನೀರು. ಅದರಲ್ಲಿ ಅದ್ದಿದರೆ ಚಿತ್ರ ಹೆಚ್ಚುಕಡಿಮೆ ಮಾಯವೇ ಆಗಿಬಿಡುತ್ತಿತ್ತು. ತೊಳೆದು ಸೋಡಿಯಂ ಸಲ್ಫೈಡಿನ ತಟ್ಟೆಗೆ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಹಿತ್ತಲನ್ನೆಲ್ಲ ತುಂಬುತ್ತಿತ್ತು, ಹೋದ ಮುಖ ಹದವಾದ ಕಂದಿನಲ್ಲಿ ವಾಪಸ್ಸು ಬರುತ್ತಿತ್ತು. ಕಾಗದದಲ್ಲಿದ್ದ ಬೆಳ್ಳಿ ಈಗ ಬೆಳ್ಳಿಯ ಸಲ್ಫೈಡ್ ಆಗಿರುತ್ತದೆ. ಅದು ಬರಿ ಬೆಳ್ಳಿಗಿಂತ ಗಟ್ಟಿ, ಗಾಳಿಗೆ ಬೇಗ ಕೆಡುವುದಿಲ್ಲ. ನಮ್ಮ ಗೋಡೆಯ ಮೇಲೆ ಅಜ್ಜ ಅಜ್ಜಿ ಇವತ್ತಿಗೂ ಮಾಸದೆ ಕೂತಿರುವುದರ ಗುಟ್ಟು ಆ ಕೆಟ್ಟ ವಾಸನೆಯ ತಟ್ಟೆ. ಕೊನೆಗೆ ಕಡ್ಡಿಗೆ ಹತ್ತಿ ಸುತ್ತಿ ಬಣ್ಣ. ಕೆನ್ನೆಗೆ, ತುಟಿಗೆ, ಸೀರೆಗೆ ತಿಳಿಯಾದ ಬಣ್ಣವನ್ನು ಪದರ ಪದರವಾಗಿ ಹಚ್ಚುತ್ತಿದ್ದರು. ಕೆಳಗಿನ ನೆರಳು ಕಾಣುತ್ತಲೇ ಇರಬೇಕು.

ಆದರೆ ಬಣ್ಣ ಹಚ್ಚುವ ಮೊದಲು ರಾಯರು ಕೇಳಲೇಬೇಕಾಗಿತ್ತು. ಕಪ್ಪು ಬಿಳುಪಿನ ಫೋಟೋ ಬಣ್ಣವನ್ನು ಹೇಳುವುದಿಲ್ಲ.

"ಯಜಮಾನರ ಶಾಲಿನ ಅಂಚು ಯಾವ ಬಣ್ಣ?"

ಅಪ್ಪ ಹಸಿರು ಅಂದರು. ದೊಡ್ಡತ್ತೆ ಕೆಂಪು ಅಂದರು. ಅಜ್ಜಿಗೆ ಆ ಗಳಿಗೆಗೆ ಹೊಳೆಯಲಿಲ್ಲ. ಗೊತ್ತು ಮಾಡಿಕೊಂಡು ಬನ್ನಿ ಎಂದು ರಾಯರು ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟರು. ಬಸ್ಸಿನಲ್ಲಿ ಊರಿಗೆ ಬರುವ ದಾರಿಯುದ್ದಕ್ಕೂ ಅದೇ ಮಾತು. ಆ ಶಾಲು ಯಾವ ಜಾತ್ರೆಯಲ್ಲಿ ಕೊಂಡದ್ದು, ಯಾರ ಮದುವೆಗೆ ಹೊದ್ದದ್ದು, ಮಳೆಯಲ್ಲಿ ನೆನೆದ ಕರುವಿಗೆ ಅಜ್ಜ ಅದನ್ನೇ ಹೊದಿಸಿ ಬಂದು ಬೈಸಿಕೊಂಡದ್ದು. ನಾನು ಕಾಣದ ಅಜ್ಜ ಆ ಬಸ್ಸಿನಲ್ಲಿ ನನಗೆ ಮೊದಲ ಸಲ ಸಿಕ್ಕರು. ಮನೆಗೆ ಬಂದ ದೊಡ್ಡತ್ತೆ ಅಟ್ಟ ಹತ್ತಿ ಹಳೆಯ ಕೌದಿಯೊಂದನ್ನು ಇಳಿಸಿ, ತೇಪೆಗಳ ಮೇಲೆ ಬೆರಳಾಡಿಸುತ್ತಾ ಬಂದು ಒಂದು ಕಡೆ ನಿಲ್ಲಿಸಿದರು. ಹರಿದ ಶಾಲಿನ ಅಂಚು ಅಲ್ಲಿತ್ತು. ಅರಗಿನ ಕೆಂಪು. ಅಪ್ಪ ಮಾತಾಡದೆ ಆ ತೇಪೆಯನ್ನು ಬಿಚ್ಚಿ, ಮಡಿಸಿ, ಮರುವಾರ ರಾಯರಿಗೆ ಒಯ್ದು ಕೊಟ್ಟರು.

ಇನ್ನೊಂದು ಪ್ರಶ್ನೆಯನ್ನು ರಾಯರು ಅಜ್ಜಿಯನ್ನೇ ಕೇಳಿದ್ದರು, ದನಿ ತಗ್ಗಿಸಿ: "ಹಣೆಗೆ ಕುಂಕುಮ ಇಡ್ಲಾ ಅಮ್ಮಾ?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರು ಪಕ್ದಲ್ಲೇ ಕೂತವ್ರಲ್ಲ ರಾಯರೇ. ಇಡಿ" ಅಂದರು.

ಹನ್ನೆರಡು ವರ್ಷದಿಂದ ಬರಿದಾಗಿದ್ದ ಹಣೆಗೆ ಒಂದು ಸ್ಟುಡಿಯೋದ ಹತ್ತಿಕಡ್ಡಿ ಕುಂಕುಮ ಇಟ್ಟಿತು. ಫೋಟೋ ಮನೆಗೆ ಬಂದ ದಿನ ಅಜ್ಜಿ ಅದರ ಮುಂದೆ ಕೂತು ಊಟವನ್ನೇ ಮರೆತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಇಂಥ ಕೆಲಸ ಊರೂರಿನಲ್ಲಿ ನಡೆಯುತ್ತಿತ್ತು. ಒಬ್ಬರದು ಗ್ರೂಪ್ ಫೋಟೋದಿಂದ, ಇನ್ನೊಬ್ಬರದು ಯಾವುದೋ ಅರ್ಜಿಗೆ ಅಂಟಿಸಿದ ಚಿಕ್ಕ ಫೋಟೋದಿಂದ ಬಂದು ಒಂದೇ ಕಟ್ಟಿನೊಳಗೆ ಸೇರುತ್ತಿದ್ದರು. ಅದಕ್ಕೆ ಬೇಕಾದ ಫಿಲ್ಮು, ಕಾಗದ ನಮ್ಮ ಗುಂಡ್ಲುಪೇಟೆಯ ಘಟ್ಟದಾಚೆಯ ಊಟಿಯಲ್ಲೇ ತಯಾರಾಗುತ್ತಿತ್ತು. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಎಂಬ ಹೆಸರಿನಲ್ಲಿ ಅವನ್ನು ದೇಶಕ್ಕೆಲ್ಲ ಒದಗಿಸಿತು. ಕಲರ್ ಲ್ಯಾಬುಗಳು ಬಂದವು, ಡಿಜಿಟಲ್ ಬಂತು. ಕೊಡಕ್ ಕಂಪನಿ 2005ರಲ್ಲಿ ಕಪ್ಪು ಬಿಳುಪು ಕಾಗದ ತಯಾರಿಸುವುದನ್ನೇ ಬಿಟ್ಟಿತು. ಊಟಿಯ ಕಾರ್ಖಾನೆಯೂ ಬಾಗಿಲು ಹಾಕಿತು. ರಾಯರ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಅವರ ಬಣ್ಣದ ಸೀಸೆಗಳು, ಗಾಜಿನ ನೆಗೆಟಿವ್‌ಗಳು ಎಲ್ಲಿ ಹೋದವೋ, ಆ ಬೀದಿಯಲ್ಲಿ ಕೇಳಿದರೆ ಯಾರೂ ಹೇಳಲಿಲ್ಲ.

ಹೋದದ್ದು ಅಂಗಡಿಯಷ್ಟೇ ಆಗಿದ್ದರೆ ನನಗೆ ಇಷ್ಟು ಸಂಕಟವಿರುತ್ತಿರಲಿಲ್ಲ. ಹೋದದ್ದು ಆ ಪ್ರಶ್ನೆ. ಇವತ್ತು ಹಳೆಯ ಫೋಟೋವನ್ನು ಮೊಬೈಲಿಗೆ ಹಾಕಿದರೆ ಕ್ಷಣದಲ್ಲಿ ಬಣ್ಣ ತುಂಬಿ ಕೊಡುತ್ತದೆ. ಶಾಲಿನ ಅಂಚು ಯಾವ ಬಣ್ಣವೆಂದು ಅದು ಯಾರನ್ನೂ ಕೇಳುವುದಿಲ್ಲ, ತನಗೆ ತೋಚಿದ್ದನ್ನು ಬಳಿಯುತ್ತದೆ. ಕೇಳುವವರಿಲ್ಲದ ಮೇಲೆ ಹೇಳುವವರೂ ಇಲ್ಲ. ಅಟ್ಟ ಹತ್ತಿ ಕೌದಿ ಇಳಿಸುವ ಪ್ರಮೇಯವೇ ಬರುವುದಿಲ್ಲ.

ಹೋದ ಬೇಸಿಗೆಯಲ್ಲಿ ತಂಗಿಯ ಮಗಳು ಊರಿಗೆ ಬಂದಾಗ ಎರಡು ಪುಟ್ಟ ಸೀಸೆ ತಂದಿದ್ದಳು. ಒಂದರ ಮೇಲೆ ಫೆರಿಕ್ ಅಮೋನಿಯಂ ಸಿಟ್ರೇಟ್ ಎಂದಿತ್ತು, ಇನ್ನೊಂದರ ಮೇಲೆ ಪೊಟ್ಯಾಸಿಯಂ ಫೆರಿಸಯನೈಡ್. ರಾಯರ ಹಿತ್ತಲಿನ ಆ ಹಳದಿ ನೀರಿನ ಹೆಸರು ಓದಿ ನನ್ನ ಕೈ ತಡೆಯಿತು. "ಇದು ಸಯನೋಟೈಪ್ ಮಾಮ, ಬಿಸಿಲಲ್ಲೇ ಪ್ರಿಂಟ್ ಮಾಡೋದು" ಅಂದಳು. ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ 1842ರಲ್ಲಿ ಕಂಡುಕೊಂಡ ವಿಧಾನ. ಬೆಳ್ಳಿಯ ಬದಲು ಕಬ್ಬಿಣದ ಲವಣ. ಇಂಜಿನಿಯರುಗಳು ಕಟ್ಟಡದ ನಕ್ಷೆಗಳನ್ನು ಇದರಲ್ಲೇ ಪ್ರತಿ ತೆಗೆಯುತ್ತಿದ್ದರು. ನಾವು ದಿನಾ ಆಡುವ 'ನೀಲನಕ್ಷೆ' ಎಂಬ ಮಾತಿನ ಮೂಲ ಆ ನೀಲಿ ಹಾಳೆಗಳು.

ಹತ್ತಿಯ ಬಟ್ಟೆಯ ಮೇಲೂ ಇದು ಹಿಡಿಯುತ್ತದೆ. ಅಜ್ಜಿಯ ಬಿಳಿ ಸೀರೆಯ ತುಂಡೊಂದು ಬೇಕೆಂದು ಅವಳು ದೊಡ್ಡತ್ತೆಗೆ ಫೋನ್ ಮಾಡಿದಳು. ಎಂಬತ್ತು ದಾಟಿದ ದೊಡ್ಡತ್ತೆ ಮೊದಲು ಕೇಳಿದ್ದು, "ಯಾವ ಸೀರೆ? ಅವ್ವಂದು ಮೂರಿದ್ವು" ಎಂದು. ಆ ಮೂರು ಸೀರೆಗಳ ಕಥೆ ಅರ್ಧ ಗಂಟೆ ನಡೆಯಿತು. ಪಕ್ಕದಲ್ಲಿ ಕೂತಿದ್ದ ನನಗೆ ಮತ್ತೆ ತಿಪಟೂರಿನ ಬಸ್ಸು ಹತ್ತಿದಂತಾಯಿತು.

ಎರಡೂ ದ್ರಾವಣ ಬೆರೆಸಿ ಮಬ್ಬುಗತ್ತಲಲ್ಲಿ ಬಟ್ಟೆಗೆ ಹಚ್ಚಿ ಒಣಗಿಸಿ, ಜೋಡಿ ಫೋಟೋದ ನೆಗೆಟಿವನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆಸಿಕೊಂಡು ಬಂದದ್ದನ್ನು ಮೇಲಿಟ್ಟು, ಗಾಜು ಮುಚ್ಚಿ ಅಂಗಳದ ನಡುಹಗಲ ಬಿಸಿಲಿಗೆ ಇಟ್ಟೆವು. ಹಳದಿ ಮಿಶ್ರಿತ ಹಸಿರು ಬಣ್ಣ ನೋಡನೋಡುತ್ತ ಬೂದಿಗೆ ತಿರುಗಿತು. ಹದಿನೈದು ನಿಮಿಷವಾದ ಮೇಲೆ ತೆಗೆದು ತೊಟ್ಟಿಯ ನೀರಿನಲ್ಲಿ ಅದ್ದಿದೆವು. ಬಿಸಿಲು ತಾಗದ ಕಡೆಯ ಲವಣ ನೀರಿಗೆ ಬಿಟ್ಟಿತು, ತಾಗಿದ ಕಡೆ ನೀಲಿ ನಿಂತಿತು. ಅಜ್ಜಿಯ ಸೀರೆಯ ಮೇಲೆಯೇ ಅಜ್ಜಿ, ಪಕ್ಕದಲ್ಲಿ ಅಜ್ಜ. ಹಣೆಯ ಕುಂಕುಮ ಕಡು ನೀಲಿಯ ಒಂದು ಬೊಟ್ಟಾಗಿತ್ತು.

ಇದು ರಾಯರ ಕೆಲಸಕ್ಕೆ ಸಾಟಿ ಎಂದು ನಾನು ಹೇಳಲಾರೆ. ರಾಯರ ಕೈ ಹೋಯಿತು, ಅದು ಮತ್ತೆ ಬರುವುದಿಲ್ಲ. ಆದರೆ ಕೇಳುವ ಕೆಲಸ ನಮ್ಮ ಕೈಯಲ್ಲಿದೆ. ನಿಮ್ಮ ಮನೆಯ ಕಪ್ಪು ಬಿಳುಪು ಫೋಟೋಗಳನ್ನು ಈ ಮಹಾಲಯಕ್ಕೆ ಗೋಡೆಯಿಂದ ಇಳಿಸಿದಾಗ, ಮನೆಯಲ್ಲಿ ಹಿರಿಯರೊಬ್ಬರು ಇನ್ನೂ ಇದ್ದರೆ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಸೀರೆ ಯಾವ ಬಣ್ಣ, ಶಾಲಿನ ಅಂಚು ಯಾವ ಬಣ್ಣ ಎಂದು ಕೇಳಿ. ಅವರು ಹೇಳಿದ್ದನ್ನು ಫೋಟೋದ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಒತ್ತದೆ, ಮೆಲ್ಲಗೆ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿದುಬಿಡುತ್ತದೆ.