ಹಳೇ ನಲವತ್ತು

ಮಾತಿಗೆ ಕೂತಾಗ ಅಂಕಿ ಹೇಳಿದವರ ಕೈ ಯಾವಾಗಲೂ ಮೇಲು. ‘ಬಹಳ ಜನ’ ಎಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ‘ನೂರಕ್ಕೆ ನಲವತ್ತು’ ಎಂದುಬಿಡಿ, ಎದುರಿಗಿದ್ದವರ ಬಾಯಿ ಕಟ್ಟುತ್ತದೆ. ಅದನ್ನು ಎಣಿಸಿದವರು ಯಾರು, ಯಾವ ಕಾಲದಲ್ಲಿ ಎಂದು ಕೇಳುವವರು ಕಡಿಮೆ. ಹೋದ ವರ್ಷದ ಪಂಚಾಂಗ ಹಿಡಿದು ಈ ವರ್ಷದ ಮದುವೆಗೆ ಮುಹೂರ್ತ ಇಡಲು ನಾವು ಒಪ್ಪುತ್ತೇವೆಯೇ? ಅಮೆರಿಕದ ಬಂದೂಕಿನ ಚರ್ಚೆಯಲ್ಲಿ ಮಾತ್ರ ದಶಕಗಳಷ್ಟು ಹಳೆಯ ಲೆಕ್ಕ ರಾಜಾರೋಷವಾಗಿ ಓಡಾಡುತ್ತದೆ.

2013ರ ಜನವರಿ. ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಪುಟ್ಟ ಮಕ್ಕಳು, 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾಗಿ ತಿಂಗಳು ಕಳೆದಿತ್ತಷ್ಟೆ. ಬಂದೂಕು ಖರೀದಿಯಲ್ಲಿ ಶೇಕಡಾ 40ರವರೆಗೂ, ಕೊಳ್ಳುವವರ ಪೂರ್ವಾಪರ ವಿಚಾರಿಸದೆಯೇ ನಡೆಯುತ್ತದೆ ಎಂದರು ಅಧ್ಯಕ್ಷ ಒಬಾಮಾ. ಈ ನಲವತ್ತು ಹುಟ್ಟಿದ್ದು 1994ರ ಕೊನೆಯಲ್ಲಿ ನಡೆದ ಒಂದು ದೂರವಾಣಿ ಸಮೀಕ್ಷೆಯಲ್ಲಿ. ಮಾತಾಡಿಸಿದ್ದು 2,568 ಜನರನ್ನು. ಅವರಲ್ಲಿ ಹಿಂದಿನ ಎರಡು ವರ್ಷದೊಳಗೆ ಬಂದೂಕು ಪಡೆದು ಈ ಪ್ರಶ್ನೆಗೆ ಉತ್ತರಿಸಿದವರು 251 ಮಂದಿ, ಅಷ್ಟೇ. ‘ನಿಮ್ಮನ್ನು ತಪಾಸಣೆ ಮಾಡಿದರೇ?’ ಎಂದು ಅವರನ್ನು ಕೇಳಲೇ ಇಲ್ಲ. ಕೊಟ್ಟವರು ಲೈಸೆನ್ಸ್ ಇದ್ದ ವ್ಯಾಪಾರಿಯೇ ಎಂದು ಕೇಳಿದರು. ಅಲ್ಲ, ಬಹುಶಃ ಅಲ್ಲ ಎಂದವರು ಸುಮಾರು 36 ಶೇಕಡಾ. ಅಪ್ಪನಿಂದ ಬಂದದ್ದು, ಉಡುಗೊರೆಯಾಗಿ ಸಿಕ್ಕಿದ್ದು ಎಲ್ಲವೂ ಅದರಲ್ಲೇ ಸೇರಿತ್ತು. ತಪಾಸಣೆ ಕಡ್ಡಾಯ ಮಾಡಿದ ಬ್ರೇಡಿ ಕಾಯ್ದೆ ಜಾರಿಯಾದದ್ದೇ 1994ರ ಫೆಬ್ರವರಿಯಲ್ಲಿ. ಅಂದರೆ ಆ ಬಂದೂಕುಗಳಲ್ಲಿ ಎಷ್ಟೋ ಕಾಯ್ದೆಗಿಂತ ಮೊದಲೇ ಮನೆ ಸೇರಿದ್ದವು!

2017ರಲ್ಲಿ ಹೊಸ ಅಧ್ಯಯನ ಪ್ರಕಟವಾಯಿತು. ಉತ್ತರ 22 ಶೇಕಡಾ. ಇಪ್ಪತ್ತೆರಡೇನು ಸಣ್ಣದೇ? ಐದರಲ್ಲೊಂದು ಬಂದೂಕು ವಿಚಾರಣೆಯೇ ಇಲ್ಲದೆ ಕೈ ಸೇರುತ್ತದೆ ಎಂದರೆ ಎದೆ ಧಸಕ್ಕೆನ್ನಬೇಕು. ನಮ್ಮ ಕನ್ನಡದ ಮಕ್ಕಳೂ ಟೆಕ್ಸಾಸಿನಲ್ಲಿ, ನ್ಯೂಜೆರ್ಸಿಯಲ್ಲಿ, ಬಂದೂಕುಧಾರಿ ನುಗ್ಗಿದರೆ ಎಂದು ತರಗತಿಯ ದೀಪ ಆರಿಸಿ, ಮೂಲೆಯಲ್ಲಿ ಉಸಿರೆತ್ತದೆ ಕೂರುವ ಅಭ್ಯಾಸ ಮಾಡುತ್ತಾರೆ. ಆ ಮಕ್ಕಳ ಪರವಾಗಿ ವಾದಿಸುವವರು ನಲವತ್ತಕ್ಕೆ ಜೋತುಬಿದ್ದರೆ ಎದುರಾಳಿಗೆ ಬಂದೂಕಿನ ಮಾತೇ ಬೇಡ, ಲೆಕ್ಕ ತಪ್ಪೆಂದರೆ ಸಾಕು.

ಆ ಕಡೆಯವರದ್ದೂ ಒಂದಿದೆ: ವರ್ಷಕ್ಕೆ 25 ಲಕ್ಷ ಸಲ ಅಮೆರಿಕನ್ನರು ಬಂದೂಕಿನಿಂದ ಆತ್ಮರಕ್ಷಣೆ ಮಾಡಿಕೊಳ್ಳುತ್ತಾರಂತೆ. ಇದು 1993ರ ಸಮೀಕ್ಷೆ. ಕ್ಲೆಕ್ ಮತ್ತು ಗರ್ಟ್ಸ್ ಎಂಬ ಪ್ರಾಧ್ಯಾಪಕರದ್ದು. ಮಾತಾಡಿಸಿದ್ದು ಸುಮಾರು ಐದು ಸಾವಿರ ಜನರನ್ನು. ‘ಹೌದು, ಈ ವರ್ಷ ಬಳಸಿದೆ’ ಎಂದವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು. ಅದನ್ನು ಇಡೀ ದೇಶಕ್ಕೆ ಗುಣಿಸಿದಾಗ ಲಕ್ಷಗಳು ಉಕ್ಕಿದವು. ಸರ್ಕಾರದ ಅಪರಾಧ ಸಮೀಕ್ಷೆಯಲ್ಲಿ ಇದೇ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯುತ್ತದೆ.

ಹೊಸದಾಗಿ ಎಣಿಸಬಾರದೇ ಎಂದರೆ, ಎಣಿಸುವ ಕೈಯನ್ನೇ ಕಟ್ಟಿಹಾಕಿದ್ದರು. ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗಿನಲ್ಲಿ ಅಪರಾಧದಲ್ಲಿ ಸಿಕ್ಕ ಬಂದೂಕಿನ ಜಾಡು ಹಿಡಿಯುವ ಸರ್ಕಾರಿ ಕೇಂದ್ರವಿದೆ. ಬಾಗಿಲು ಹಾಕಿದ ಅಂಗಡಿಗಳ ಮಾರಾಟದ ಪುಸ್ತಕಗಳು ಅಲ್ಲಿಗೆ ರಟ್ಟಿನ ಪೆಟ್ಟಿಗೆಗಳಲ್ಲಿ ಬಂದು ಬೀಳುತ್ತವೆ. ಸ್ಕ್ಯಾನ್ ಮಾಡುತ್ತಾರೆ, ಆದರೆ ಕೊಂಡವರ ಹೆಸರು ಹಾಕಿ ಹುಡುಕುವ ಹಾಗಿಲ್ಲ. ಬಂದೂಕು ಹೊಂದಿದವರ ಪಟ್ಟಿಯನ್ನು ಕೇಂದ್ರ ಸರ್ಕಾರ ಇಟ್ಟುಕೊಳ್ಳಕೂಡದೆಂದು ಕಾನೂನು. ಕೊಲೆಯ ತನಿಖೆಗೂ ನೌಕರರು ಪುಟ ಪುಟ ಸರಿಸುತ್ತಾ ಕೂರಬೇಕು.

ಸಂಶೋಧನೆಯ ಕಥೆ ಇನ್ನೂ ಬೇಸರದ್ದು. 1996ರಲ್ಲಿ ಅರ್ಕಾನ್ಸಾಸಿನ ಜನಪ್ರತಿನಿಧಿ ಜೇ ಡಿಕಿ ತಂದ ತಿದ್ದುಪಡಿ, ರೋಗ ನಿಯಂತ್ರಣ ಕೇಂದ್ರದ ಹಣ ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಹೋಗಕೂಡದೆಂದಿತು. ಬಂದೂಕಿನ ಗಾಯಗಳ ಅಧ್ಯಯನಕ್ಕೆ ಹಿಂದಿನ ವರ್ಷ ಖರ್ಚಾಗಿದ್ದ 26 ಲಕ್ಷ ಡಾಲರನ್ನೂ ಬಜೆಟ್ಟಿನಿಂದ ಕಿತ್ತರು. ಅಧ್ಯಯನ ಬೇಡವೆಂದು ಯಾರೂ ಬರೆದಿರಲಿಲ್ಲ; ಹೆದರಿಕೆಯೇ ಸಾಕಾಯಿತು, ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಅದೇ ಡಿಕಿ 2012ರಲ್ಲಿ, ತಾವು ಹಿಂದೆ ಎದುರಿಸಿ ನಿಂತಿದ್ದ ಆ ಕೇಂದ್ರದ ಮಾಜಿ ಅಧಿಕಾರಿ ಮಾರ್ಕ್ ರೋಸೆನ್‌ಬರ್ಗರ ಜೊತೆ ಕೂತು, ಸಂಶೋಧನೆ ನಡೆಯಲೇಬೇಕೆಂದು ಪತ್ರಿಕೆಯಲ್ಲಿ ಬರೆದರು. ಕಾಂಗ್ರೆಸ್ ಎರಡೂವರೆ ಕೋಟಿ ಡಾಲರ್ ಕೊಟ್ಟದ್ದು 2019ರ ಡಿಸೆಂಬರಿನಲ್ಲಿ. ಡಿಕಿ ತೀರಿಕೊಂಡು ಎರಡು ವರ್ಷವಾಗಿತ್ತು.