ಕೆಂಚಿ ಒಪ್ಪುವವರೆಗೆ

ಪಶುವೈದ್ಯರ ಕ್ಲಿನಿಕ್‌ನ ಗಾಜಿನ ಬಾಗಿಲು ತೆರೆದ ಕೂಡಲೇ ಸ್ಪಿರಿಟ್ ವಾಸನೆ ನಿಮ್ಮ ಮೂಗಿಗೆ ರಪ್ಪನೆ ಬಡಿಯುತ್ತದೆ. ಕೆಂಚಿಗೆ ಅದು ಮೆಟ್ಟಿಲ ಬಳಿಯೇ ಗೊತ್ತಾಗಿದೆ. ಫಿನಾಯಿಲ್ ಹಾಕಿ ಎಷ್ಟೇ ಒರೆಸಿದ್ದರೂ, ಬೆಳಗಿನಿಂದ ಇಲ್ಲಿ ಹೆದರಿ ಉಚ್ಚೆ ಹೊಯ್ದ ನಾಯಿಗಳ ಸುದ್ದಿಯೆಲ್ಲ ಆ ನೆಲದಲ್ಲೇ ಇದೆ. ನಿಮ್ಮ ಕೈಯಲ್ಲಿನ ಹಗ್ಗ ಬಿಗಿಯುತ್ತದೆ. ತಿರುಗಿ ನೋಡುತ್ತೀರಿ. ಬಾಲ ಹೊಟ್ಟೆಗೆ ಅಂಟಿದೆ, ಕಿವಿಗಳು ತಲೆಗೆ ಒತ್ತಿಕೊಂಡಿವೆ, ನಾಲಿಗೆ ಮತ್ತೆ ಮತ್ತೆ ಮೂಗನ್ನು ನೆಕ್ಕುತ್ತಿದೆ. ಒಂದು ದೊಡ್ಡ ಆಕಳಿಕೆ. ಅದು ನಿದ್ದೆಯದಲ್ಲ.

“ಎಳ್ಕೊಂಡ್ ಬನ್ನಿ, ಬಂದೇ ಬರ್ತದೆ,” ಎನ್ನುತ್ತಾರೆ ಬೆಂಚಿನ ಮೇಲೆ ಕೂತ ಹಿರಿಯರೊಬ್ಬರು.

ಎಳೆದರೆ ಬರುತ್ತಾಳೆ, ನಿಜ. ಗ್ರಾನೈಟ್ ಮೇಲೆ ಉಗುರು ಪರಪರ ಎನ್ನುತ್ತ, ಮುಂಗಾಲು ಚಾಚಿಕೊಂಡು ಜಾರುತ್ತಾಳೆ. ನಿಮಗೆ ಅವಳಿಗಿಂತ ಬಲ ಜಾಸ್ತಿ. ಜೇಬಿನಲ್ಲಿ ಬೇಯಿಸಿದ ಕೋಳಿ ಚೂರುಗಳ ಡಬ್ಬಿಯೂ ಇದೆ. ಒಂದು ಚೂರನ್ನು ಅವಳ ಮೂಗಿನ ಮುಂದೆ ಹಿಡಿಯುತ್ತೀರಿ. ಮನೆಯಲ್ಲಾದರೆ ಡಬ್ಬಿಯ ಮುಚ್ಚಳದ ಸದ್ದಿಗೇ ಓಡಿಬರುವವಳು ಈಗ ಮುಖ ತಿರುಗಿಸುತ್ತಾಳೆ. ಇದನ್ನು ಹಟ ಅಂದುಕೊಳ್ಳಬೇಡಿ. ಓಡಬೇಕೋ ಕಚ್ಚಬೇಕೋ ಎಂದು ದೇಹ ಸಜ್ಜಾಗುತ್ತಿರುವಾಗ ಹೊಟ್ಟೆಗೆ ಅನ್ನ ಬೇಡ. ಕೋಳಿ ಚೂರು ಅವಳ ಮಟ್ಟಿಗೆ ಲಂಚವೂ ಅಲ್ಲ, ಮುದ್ದೂ ಅಲ್ಲ. ನೀವು ಎಷ್ಟು ಒಳಗೆ ಬಂದುಬಿಟ್ಟಿದ್ದೀರಿ ಎಂದು ಅಳೆದು ಹೇಳುವ ಮೀಟರ್ ಅದು.

ಅಷ್ಟರಲ್ಲಿ ಸಹಾಯಕ ಹುಡುಗ ಬಾಯಿಗೆ ಹಾಕುವ ಕುಕ್ಕೆ ಹಿಡಿದು ಬರುತ್ತಾನೆ. ಒಳ್ಳೆಯ ಹುಡುಗನೇ, ಅವಸರದಲ್ಲಿದ್ದಾನೆ. ನೇರ ಅವಳ ತಲೆಯ ಮೇಲೆ ಬಗ್ಗುತ್ತಾನೆ. ಒಳಕೋಣೆಯಲ್ಲಿ ಸ್ಟೀಲ್ ಟ್ರೇ ಢಣ್ ಎಂದು ಬೀಳುತ್ತದೆ. ಯಾವುದೋ ಲ್ಯಾಬ್ರಡಾರ್ ಬೊಗಳುತ್ತದೆ. ಕೆಂಚಿ ಗೋಡೆಗೆ ಒತ್ತಿಕೊಳ್ಳುತ್ತಾಳೆ. ಹಿಂದೆ ಜಾಗವಿಲ್ಲ. ಗುರ್‌ರ್... ಕಿವಿಗೆ ಬೀಳುವ ಮೊದಲೇ ಹಗ್ಗದ ಮೂಲಕ ಅಂಗೈಗೆ ತಾಗುತ್ತದೆ ಆ ನಡುಕ. ತುಟಿ ಮೇಲೇಳುತ್ತದೆ. ಕಣ್ಣಿನ ಬಿಳಿ ಕಾಣುತ್ತದೆ. ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ.

“ಒಂದ್ ಬಿಡಿ ಅದಕ್ಕೆ!”

ನಿಮ್ಮ ಕೈ ಮೇಲೆದ್ದಿದೆ. ಹೊಡೆದರೆ ಸುಮ್ಮನಾಗಬಹುದು. ಆದರೆ ಭಯ ಒಳಗೆ ಹಾಗೇ ಉಳಿದು, ಎಚ್ಚರಿಕೆ ಮಾತ್ರ ಮಾಯವಾಗುತ್ತದೆ. ಗುರುಗುಟ್ಟುವುದು ತಪ್ಪೆಂದು ಕಲಿತ ನಾಯಿ ನಾಳೆ ಮುನ್ಸೂಚನೆಯೇ ಇಲ್ಲದೆ ಹಲ್ಲು ಹಾಕಬಹುದು, ಅದೂ ಯಾವುದೋ ಮಗುವಿನ ಮುಖಕ್ಕೆ. ಕೈ ಇಳಿಸಿ.

“ಬೇಡಪ್ಪಾ, ಬಿಡು. ನಾವು ಹೊರಗಿರ್ತೀವಿ.”

ಹಾಗೆಂದು ರೇಬೀಸ್ ಲಸಿಕೆಯ ಸೂಜಿಯನ್ನೇ ಬಿಟ್ಟುಬಿಡುವಂತಿಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಡಾಕ್ಟರು ಕಾರ್ಡ್ ನೋಡಿ, ವರ್ಷದ ಬೂಸ್ಟರ್‌ಗೆ ಇನ್ನೂ ಸಮಯವಿದೆ, ಕಾಯಬಹುದು ಎನ್ನುತ್ತಾರೆ. ಗಾಯವಾಗಿ ರಕ್ತ ಸುರಿಯುತ್ತಿದ್ದರೆ ಈ ಮಾತಿಗೆ ಜಾಗವಿರುತ್ತಿರಲಿಲ್ಲ, ಮಂಪರಿನ ಮದ್ದು ಕೊಟ್ಟಾದರೂ ಚಿಕಿತ್ಸೆ ಮಾಡಲೇಬೇಕಿತ್ತು. ಇವತ್ತು ನಿಮ್ಮ ಕೈಯಲ್ಲಿ ಕಾಲಾವಕಾಶವಿದೆ.

ಹೊರಗೆ ಹೊಂಗೆ ಮರದ ಬುಡ. ಕೆಂಚಿ ಮೈಯನ್ನು ಮೂಗಿನಿಂದ ಬಾಲದವರೆಗೆ ಒಮ್ಮೆ ಕೊಡವುತ್ತಾಳೆ. ಕೋಳಿ ಚೂರು ಹಿಡಿಯಿರಿ. ಮೊದಲನೆಯದನ್ನು ಬೆರಳು ಸಮೇತ ಕಿತ್ತುಕೊಳ್ಳುತ್ತಾಳೆ. ಎರಡನೆಯದಕ್ಕೆ ಹಲ್ಲು ತಾಗುವುದಿಲ್ಲ, ಬರೀ ತುಟಿ. ಪಾಠ ಇಲ್ಲಿಂದ ಶುರು, ಆ ಬಾಗಿಲಿನಿಂದ ಇಷ್ಟು ದೂರದಿಂದ.

ನೂರು ವರ್ಷದ ಹಿಂದೆ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಇದನ್ನೇ ಒಂದು ಮಗುವಿನೊಂದಿಗೆ ಮಾಡಿದ್ದರು. ಮೊಲ ಕಂಡರೆ ಅಳುತ್ತಿದ್ದ ಪೀಟರ್‌ಗೆ ಇಷ್ಟದ ತಿಂಡಿ ಕೊಟ್ಟು, ಅವನು ತಿನ್ನುವುದು ನಿಲ್ಲಿಸದಷ್ಟು ದೂರದಲ್ಲಿ ಪಂಜರವನ್ನಿಟ್ಟು, ಸ್ವಲ್ಪಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಪೀಟರ್ ಮೊಲವನ್ನು ಸವರಿದ. 1924ರಲ್ಲಿ ಅವರು ಅದನ್ನು ಬರೆದು ಪ್ರಕಟಿಸಿದರು.

ಈಗ ನಿಮ್ಮ ಮನೆ, ಸಂಜೆ, ಚಾಪೆ. ಕೆಂಚಿ ನಿಮ್ಮ ತೊಡೆಯ ಮೇಲೆ ಗದ್ದ ಊರಿದ್ದಾಳೆ. ಅದರ ಬಿಸಿ ಬಟ್ಟೆಯೊಳಗಿಂದ ನಿಮಗೆ ತಾಗುತ್ತಿದೆ. ಗದ್ದ ಊರಿದ್ದರೆ ‘ಆಗಲಿ’, ಎತ್ತಿದರೆ ‘ನಿಲ್ಲಿಸು’. ಎತ್ತಿದ ಕ್ಷಣವೇ ನೀವು ನಿಲ್ಲಿಸುತ್ತೀರಿ, ಇದರಲ್ಲಿ ರಿಯಾಯಿತಿ ಇಲ್ಲ. ಒದ್ದೆ ಹತ್ತಿಯನ್ನು ಹೆಗಲ ಬಳಿ ಮುಟ್ಟಿಸುತ್ತೀರಿ. ತಣ್ಣಗಾಗಿ ಚರ್ಮ ಒಮ್ಮೆ ಅದುರುತ್ತದೆ. ಆಮೇಲೆ ಕೋಳಿ. ಯಾವಾಗಲೂ ಆಮೇಲೆಯೇ. ಮೊದಲು ತಿಂಡಿ ತೋರಿಸಿ ಆಮೇಲೆ ಹತ್ತಿ ಮುಟ್ಟಿಸಿದರೆ, ತಿಂಡಿ ಕಂಡೊಡನೆ ಕೇಡು ಕಾದಿದೆ ಎಂದು ಅವಳು ಕಲಿಯುತ್ತಾಳೆ. ಹತ್ತಿಯ ಬಳಿಕ ಚರ್ಮ ಮೆಲ್ಲಗೆ ಚಿವುಟಿ ಎತ್ತುವುದು. ಅದಕ್ಕೂ ಅಭ್ಯಾಸವಾದಾಗ ಮುಚ್ಚಳ ಹಾಕಿದ ಪೆನ್ನು. ಪೆನ್ನು ತಾಗಿದೊಡನೆ ಗದ್ದ ಮೇಲೆದ್ದಿತೇ? ಹಾಗಾದರೆ ಇವತ್ತಿಗೆ ಮತ್ತೆ ಹತ್ತಿಗೇ ವಾಪಸ್. ಅವಸರ ನಿಮ್ಮ ಬೆರಳ ತುದಿಯಲ್ಲೇ ತುಳುಕುತ್ತಿದೆ. ತಡೆದುಕೊಳ್ಳಿ.

ಪಕ್ಕದ ಮನೆಯ ಅಂಕಲ್ ಗೇಟಿನಾಚೆಯಿಂದ ನೋಡಿ, ನಾಯಿಗೆ ಯಜಮಾನ ಯಾರೆಂದು ತೋರಿಸಬೇಕು, ತೋಳದ ಜಾತಿ ಅದು ಎನ್ನುತ್ತಾರೆ. ಆ ನಂಬಿಕೆ ಬೆಳೆದದ್ದು ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಎಂದು ತೋಳತಜ್ಞ ಡೇವಿಡ್ ಮೀಚ್ 1999ರಲ್ಲೇ ಬರೆದರು. ಪ್ರಾಣಿವರ್ತನೆ ಅಭ್ಯಸಿಸುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ, ಆಕ್ರಮಣ ಮಾಡುವ ನಾಯಿಗಳಿಗೂ ಬಹುಮಾನದ ದಾರಿಯನ್ನೇ ಹಿಡಿಯಿರಿ ಎಂದಿತು. ನನಗಂತೂ ಸಂಘಕ್ಕಿಂತ ಆ ಗದ್ದದ ಸಾಕ್ಷಿಯೇ ದೊಡ್ಡದು.

ನಡುನಡುವೆ ಕ್ಲಿನಿಕ್‌ಗೂ ಹೋಗುತ್ತೀರಿ. ಮೆಟ್ಟಿಲವರೆಗೆ ಹೋಗಿ ತಿಂದು ಬರುವುದು, ತೂಕದ ಯಂತ್ರ ಮೂಸಿ ತಿಂದು ಬರುವುದು. ಸೂಜಿ ಇಲ್ಲ.

ಆಮೇಲೆ ಒಂದು ಶನಿವಾರ, ಬಾಗಿಲ ಒಳಗೆ, ಜಾರದ ರಬ್ಬರ್ ಚಾಪೆಯ ಮೇಲೆ, ಡಾಕ್ಟರು ನೆಲಕ್ಕೇ ಕುಕ್ಕರುಗಾಲಲ್ಲಿ ಕೂರುತ್ತಾರೆ, ಮಗ್ಗುಲಾಗಿ, ಅವಳ ಕಣ್ಣಲ್ಲಿ ಕಣ್ಣಿಡದೆ. ನಿಮ್ಮ ಬಾಯಿ ಒಣಗಿದೆ. ಕೆಂಚಿ ಅವರ ಚಪ್ಪಲಿ ಮೂಸುತ್ತಾಳೆ. ನಿಮ್ಮ ತೊಡೆ ನೋಡುತ್ತಾಳೆ. ಗದ್ದ ಊರುತ್ತಾಳೆ. ಹತ್ತಿ. ಕೋಳಿ. ಚಿವುಟು. ಕೋಳಿ. ಗದ್ದ ಅಲ್ಲೇ ಇದೆ. ಸೂಜಿ. ಕಿವಿ ಹಿಂದಕ್ಕೆ ಹೋಗುತ್ತದೆ, ನಿಮ್ಮ ಉಸಿರು ನಿಲ್ಲುತ್ತದೆ, ಕೋಳಿ, ಕೋಳಿ, ಇನ್ನೊಂದು ಕೋಳಿ. ತಿನ್ನುತ್ತಿದ್ದಾಳೆ.

“ಆಯ್ತು. ಇನ್ನು ಮುಂದಿನ ವರ್ಷ ಬನ್ನಿ ಸಾಕು,” ಎನ್ನುತ್ತಾರೆ ಡಾಕ್ಟರು.

“ಮುಂದಿನ ವಾರವೇ ಬರ್ತೀವಿ ಡಾಕ್ಟ್ರೇ,” ಎನ್ನುತ್ತೀರಿ ನೀವು. “ಸೂಜಿಗಲ್ಲ. ಸುಮ್ನೆ ತಿಂದು ಹೋಗೋಕೆ.”