ಬೆಂಡೆಕಾಯಿ ಮುರಿಯುವ ಹಕ್ಕು

ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ಇವತ್ತು ಬೆಳಿಗ್ಗೆ ರಟ್ಟಿನ ಬೋರ್ಡೊಂದು ನೇತಾಡುತ್ತಿತ್ತು: ‘ಬೆಂಡೆಕಾಯಿ ತುದಿ ಮುರಿಯಬಾರದು. ಮುರಿದರೆ ಕೊಳ್ಳತಕ್ಕದ್ದು.’ ನನ್ನ ಕೈ ಆಗಲೇ ರಾಶಿಯ ಮೇಲಿತ್ತು. ಅಂಗಡಿಯವನು ತಲೆ ಎತ್ತದೆಯೇ, “ಸಾರ್, ಬೋರ್ಡು” ಅಂದ. ಬೆಂಡೆಕಾಯಿ ಕೊಳ್ಳದೆ ಮನೆಗೆ ಬಂದೆ.

ಆ ಮುನಿಸು ಇಳಿಯುವ ಮೊದಲೇ ತಂಗಿಯ ಮಗಳ ಫೋನು. “ಮಾಮ, ನಾವು ಚಿಯಾಂಗ್ ಮಾಯ್‌ಗೆ ಹೋಗ್ತಿದೀವಿ. ಕುಕಿಂಗ್ ಹಾಲಿಡೇ! ಬೆಳಿಗ್ಗೆ ಮಾರ್ಕೆಟ್ ಸುತ್ತೋದು, ಆಮೇಲೆ ಅಡುಗೆ ಪಾಠ. ನೀವೂ ಅತ್ತೆನೂ ಹೋಗಿದ್ರಲ್ಲ, ಹೇಗಿತ್ತು?”

“ಚೆನ್ನಾಗಿತ್ತು ಕಣೇ. ಆದ್ರೆ ಅಲ್ಲೂ ತರಕಾರಿ ಆರಿಸೋಕೆ ಬಿಡಲ್ಲ.”

“ಅಂದ್ರೆ?”

ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅದು.

ಮನೆಯಲ್ಲಿ ಅರ್ಧ ಹೋಳು ಕಾಯಿ ತುರಿಯದವಳು ದುಡ್ಡು ಕೊಟ್ಟು ಥಾಯ್ಲೆಂಡಿಗೆ ಹೋಗಿ ಮಸಾಲೆ ಕುಟ್ಟುತ್ತಾಳೆ, ಇಲ್ಲಿ ಅಜ್ಜಿಯ ಒರಳು ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕೂತಿದೆ ಎಂಬ ಮಾತನ್ನು ನಾನು ಎತ್ತುವುದಿಲ್ಲ. ಅದನ್ನು ಅವಳ ಅಮ್ಮ ಆಗಲೇ ಹೇಳಿರುತ್ತಾಳೆ. ಮೀನಿನ ಸಾಸು, ಸೀಗಡಿಯ ಮುದ್ದೆ ಎಂದು ಹೆದರುವ ಸಸ್ಯಾಹಾರಿಗಳ ಗೋಳೂ ಬೇಡ. ಅದಕ್ಕೆ ಅಲ್ಲಿ ‘ಜೇ’ ಎಂಬ ಮಂತ್ರವಿದೆ. ಹಳದಿ ಬಾವುಟದ ಮೇಲೆ ಕೆಂಪಗೆ ಬರೆದು ಅಂಗಡಿಗೆ ಸಿಕ್ಕಿಸಿರುತ್ತಾರೆ. ಮೀನು ಮಾಂಸವಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಟ್ಟ ಊಟ ಅದು. ನಮ್ಮ ಮಡಿಯವರಿಗೂ ಒಗ್ಗುತ್ತದೆ.

ಚಿಯಾಂಗ್ ಮಾಯ್ ಥಾಯ್ಲೆಂಡಿನ ಉತ್ತರದ ಊರು. ಹಳೇ ಪಟ್ಟಣದ ಸುತ್ತ ಚೌಕಾಕಾರದ ಕಂದಕ, ಒಳಗೆ ಗಲ್ಲಿಗೊಂದು ಬೌದ್ಧ ದೇವಾಲಯ, ಈಗ ಅದರ ಪಕ್ಕಕ್ಕೊಂದು ಅಡುಗೆ ಶಾಲೆ. ಪ್ರವಾಸಿಗರಿಗೆ ಅಡುಗೆ ಕಲಿಸುವ ಈ ಉದ್ಯೋಗವನ್ನು 1993ರಲ್ಲಿ ಅಲ್ಲಿ ಶುರುಮಾಡಿದವರು ಸೋಂಪೊನ್ ನಬ್ನಿಯನ್. ಇವತ್ತು ಎಲ್ಲ ಶಾಲೆಗಳದೂ ಹೆಚ್ಚುಕಡಿಮೆ ಒಂದೇ ಕ್ರಮ. ಬೆಳಿಗ್ಗೆ ವ್ಯಾನು ಹೋಟೆಲಿನ ಬಾಗಿಲಿಗೆ ಬರುತ್ತದೆ. ಮೊದಲು ಮಾರುಕಟ್ಟೆ. ಪ್ರತಿಯೊಬ್ಬರ ಕೈಗೂ ಒಂದೊಂದು ಬುಟ್ಟಿ. ಪಾಠ ಹೇಳುವಾಕೆ ಒಂದೊಂದೇ ವಸ್ತು ಎತ್ತಿ ತೋರಿಸುತ್ತಾಳೆ: ಮಜ್ಜಿಗೆ ಹುಲ್ಲು, ಶುಂಠಿಯ ಜಾತಿಗೇ ಸೇರಿದ ಗಲಾಂಗಲ್, ಮೂರು ಬಗೆಯ ತುಳಸಿ. ನಮಗೆ ಪಾಠ ಹೇಳಿದಾಕೆ ಬಟಾಣಿ ಗಾತ್ರದ ಹಸಿರು ಕಾಯಿಗಳ ಗೊಂಚಲೊಂದನ್ನು ಎತ್ತಿ ಅದರ ಥಾಯ್ ಹೆಸರು ಹೇಳುತ್ತಿದ್ದಂತೆ ನನ್ನವಳು ಮೊಳಕೈಯಿಂದ ತಿವಿದಳು. “ರೀ, ಸುಂಡೆಕಾಯಿ!” ಹೌದು, ನಾವು ಮಜ್ಜಿಗೆಯಲ್ಲಿ ನೆನೆಸಿ, ಒಣಗಿಸಿ, ಕರಿದು ತಿನ್ನುವ ಅದೇ ಕಾಯಿ. ಅಲ್ಲಿ ಅದು ಹಸಿಯಾಗಿಯೇ ತೆಂಗಿನಹಾಲಿನ ಕರಿಗೆ ಬೀಳುತ್ತದೆ.

ಇಷ್ಟೆಲ್ಲ ಸರಿ. ಆದರೆ ಕೈಯಲ್ಲಿದ್ದ ಬುಟ್ಟಿ ಫೋಟೋಕ್ಕೆ ಮಾತ್ರ. ಅದಕ್ಕೆ ಏನೂ ಬೀಳಲಿಲ್ಲ. ನಾನು ಒಂದು ಗುಂಡುಬದನೆಯನ್ನು ಒತ್ತಿ ನೋಡಹೋದರೆ ಆಕೆ ನಕ್ಕು, ಎಲ್ಲ ಶಾಲೆಯಲ್ಲಿ ಸಿದ್ಧವಾಗಿದೆ ಎಂದಳು. ಸಿದ್ಧವಾಗಿಯೇ ಇತ್ತು, ತೊಳೆದು, ಹೆಚ್ಚಿ, ತಟ್ಟೆ ತಟ್ಟೆಗಳಲ್ಲಿ ಜೋಡಿಸಿತ್ತು.

ಅಡುಗೆಯ ಅರ್ಧ ಪಾಲು ಆರಿಸುವುದರಲ್ಲಿದೆ. ಇದು ನನ್ನ ಹಳೆಯ ವಾದ. ಮನೆಯವರೆಲ್ಲ ಕೇಳಿ ಕೇಳಿ ಎದ್ದು ಹೋಗಿದ್ದಾರೆ. ನೀವು ಇನ್ನೂ ಕೂತಿದ್ದೀರಿ, ಕೇಳಿ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಬದನೆಕಾಯಿ ಗಾತ್ರಕ್ಕೆ ಹಗುರವಾಗಿರಬೇಕು, ಭಾರವಾದರೆ ಒಳಗೆಲ್ಲ ಬೀಜ. ಸೋರೆಕಾಯಿಗೆ ಉಗುರು ಇಳಿಯಬೇಕು. ಬೀದಿಯವರೆಲ್ಲ ಇಳಿಸಿ ಇಳಿಸಿ ಅದರ ಮೈತುಂಬ ಅರ್ಧಚಂದ್ರಗಳು. ಇದಕ್ಕೆಲ್ಲ ಅಂಗಡಿಯವನ ತಕರಾರಿಲ್ಲ. ಅವನ ಸಿಟ್ಟೆಲ್ಲ ಬೆಂಡೆಕಾಯಿಯ ಮೇಲೆ. ಎಳೆಯದಾದರೆ ಅದರ ತುದಿ ಟಪ್ಪೆಂದು ಮುರಿಯುತ್ತದೆ. ಬಲಿತದ್ದು ಮುರಿಯುವುದಿಲ್ಲ, ಬಾಗುತ್ತದೆ, ನಾರಿಗೆ ಜೋತುಬೀಳುತ್ತದೆ. ಇಷ್ಟು ನೇರವಾದ ಪರೀಕ್ಷೆ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ, ಫಲಿತಾಂಶವೂ ಅಲ್ಲೇ. ಈಗ ಯೋಚಿಸಿ: ಮುರಿದದ್ದು ಎಳೆಯದು, ಅದನ್ನು ಯಾರೂ ಬಿಟ್ಟುಬರುವುದಿಲ್ಲ. ಬಿಟ್ಟುಬರುವುದು ಬಾಗಿದ್ದನ್ನು. ಹಾಗಾದರೆ ‘ಮುರಿದರೆ ಕೊಳ್ಳತಕ್ಕದ್ದು’ ಎಂಬ ಕಾಯಿದೆ ಏನನ್ನು ತಡೆಯಿತು? ಮುರಿದರೆ ಕೊಂಡೇ ಕೊಳ್ಳುತ್ತೇವಲ್ಲ! ತುದಿ ನುಲಿದ ಕಾಯಿ ಸಂಜೆಗೆ ಕಪ್ಪಾಗುತ್ತದೆ, ನಷ್ಟ ಯಾರಿಗೆ ಎಂದು ಅವನು ಕೇಳುತ್ತಾನೆ. ನ್ಯಾಯವೇ. ಆದರೆ ಹೂವಾಗಿ ವಾರದೊಳಗೆ ಕೀಳದಿದ್ದರೆ ಬೆಂಡೆ ನಾರಾಗುತ್ತದೆಂಬುದು ಬೆಳೆದವನಿಗೂ ಗೊತ್ತು, ಮಂಡಿಯವನಿಗೂ ಗೊತ್ತು, ಇವನಿಗೂ ಗೊತ್ತು. ತಪ್ಪು ಹೊಲದ್ದು, ಶಿಕ್ಷೆ ನನ್ನ ಹೆಬ್ಬೆರಳಿಗೆ. ಸೂಪರ್ ಮಾರ್ಕೆಟ್ಟಿನಲ್ಲಂತೂ ಪ್ಲಾಸ್ಟಿಕ್ ಹೊದಿಸಿ ಮಲಗಿಸಿರುತ್ತಾರೆ, ದರ್ಶನವುಂಟು, ಸ್ಪರ್ಶವಿಲ್ಲ.

ಆರಿಸುವುದೆಂದರೆ ಏನೆಂದು ಚಿಯಾಂಗ್ ಮಾಯ್‌ನಲ್ಲಿ ಕಲಿಸಿದ್ದು ಶಾಲೆಯಲ್ಲ, ಒಬ್ಬ ಹಣ್ಣಿನವಳು. ಪಿಂಗ್ ನದಿಯ ಹತ್ತಿರ ವರೊರೋಟ್ ಎಂಬ ದೊಡ್ಡ ಮಾರುಕಟ್ಟೆಯಿದೆ. ಊರಿನವರ ಬಾಯಲ್ಲಿ ಅದು ‘ಕಾಡ್ ಲುವಾಂಗ್’. ಪಾಠದ ಗೋಜಿಲ್ಲದೆ ನಾವಿಬ್ಬರೇ ಅಲ್ಲಿಗೆ ಹೋಗಿದ್ದೆವು. ನನ್ನವಳು ದೊಡ್ಡ ದೊಡ್ಡ ಮ್ಯಾಂಗೋಸ್ಟೀನ್ ಹಣ್ಣುಗಳನ್ನು ಆರಿಸಿಟ್ಟಳು. ಹಣ್ಣಿನವಳು ಅವುಗಳಲ್ಲಿ ಒಂದನ್ನು ಒತ್ತಿ, ತಲೆಯಾಡಿಸಿ, ರಾಶಿಗೆ ವಾಪಸು ಹಾಕಿದಳು. ಸಿಪ್ಪೆ ಕಲ್ಲಾಗಿದ್ದರೆ ಹಣ್ಣು ಹಳತು. ಆಮೇಲೆ ಇನ್ನೊಂದನ್ನು ತಲೆಕೆಳಗು ಮಾಡಿದಳು. ತಳದಲ್ಲಿ ಪುಟ್ಟ ಹೂವಿನ ಗುರುತು. ಅದರ ಎಸಳುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ಎಣಿಸಿ, ಆರು ಬೆರಳು ತೋರಿಸಿ, ಎರಡೂ ಅಂಗೈ ನಡುವೆ ಒತ್ತಿ ಹಣ್ಣು ಬಿಡಿಸಿದಳು. ಒಳಗೆ ಬೆಳ್ಳನೆಯ ತೊಳೆಗಳು, ಆರೇ. ಎಸಳು ಹೆಚ್ಚಿದಷ್ಟೂ ತೊಳೆ ಹೆಚ್ಚು. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನಮಗೆ ಥಾಯ್ ಬರುತ್ತಿರಲಿಲ್ಲ, ಪಾಠಕ್ಕೆ ಶುಲ್ಕವೂ ಇರಲಿಲ್ಲ.

ಮೂರನೆಯ ಮಂಗರಸ ಯಾಕೋ ನೆನಪಾಗುತ್ತಾನೆ. 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ ಬರೆದವನು. ಅಡುಗೆಯ ಪುಸ್ತಕ, ಅದೂ ವಾರ್ಧಕ ಷಟ್ಪದಿಯಲ್ಲಿ. ಬದನೆ, ಬಾಳೆ, ಹಲಸು ಎಲ್ಲವೂ ಛಂದಸ್ಸಿನಲ್ಲೇ ಬೇಯುತ್ತವೆ. ಹಸಿಮೆಣಸಿನಕಾಯಿ ಮಾತ್ರ ಇಲ್ಲ. ಅದು ಪೋರ್ಚುಗೀಸರ ಜೊತೆ ಬರಬೇಕಿತ್ತು; ಅಲ್ಲಿಯವರೆಗೆ ಖಾರಕ್ಕೆ ಕಾಳುಮೆಣಸೇ ಗತಿ. ಥಾಯ್ ಅಡುಗೆಯ ಕತೆಯೂ ಇದೇ. ಪರದೇಶದ ಕಾಯನ್ನು ನೆಚ್ಚಿಕೊಂಡ ಅವರ ಹಸಿರು ಕರಿ, ನಮ್ಮ ಎಣ್ಣೆಗಾಯಿ ಎರಡೂ ಈಗ ಪರಂಪರೆಯೆಂದು ಮೀಸೆ ತಿರುವುತ್ತಿವೆ. ಅದಿರಲಿ, ನನ್ನ ಕುತೂಹಲ ಬೇರೆ. ಮಂಗರಸ ಕಲ್ಲಹಳ್ಳಿಯ ಒಡೆಯ. ಚೀಲ ಹಿಡಿದು ಸಂತೆಗೆ ಹೋಗಿ ಬದನೆಕಾಯಿಯ ತೂಕವನ್ನು ಕೈಯಲ್ಲಿ ನೋಡಿದ್ದನೆಂದು ನನಗೆ ಅನ್ನಿಸುವುದಿಲ್ಲ. ಯಾರೋ ತಂದರು, ಯಾರೋ ಹೆಚ್ಚಿದರು, ಇವನು ಷಟ್ಪದಿ ಬರೆದ. ಅಡುಗೆ ಶಾಲೆಯಲ್ಲಿ ನಾವೂ ಮಧ್ಯಾಹ್ನದವರೆಗೆ ಕಲ್ಲಹಳ್ಳಿಯ ಒಡೆಯರೇ.

ಹಾಗೆಂದು ಕಲಿತದ್ದು ಏನೂ ಇಲ್ಲವೆಂದರೆ ಅನ್ಯಾಯ. ಕರಿಗಲ್ಲಿನ ಕುಟ್ಟಾಣಿಯಲ್ಲಿ ಗಟ್ಟಿಯದು ಮೊದಲು, ಹಸಿಯದು ಆಮೇಲೆ ಎಂಬ ಕ್ರಮದಲ್ಲಿ ಕುಟ್ಟುತ್ತ ಹೋದಾಗ ಪಾಠ ಹೇಳುವಾಕೆ ತಟ್ಟೆಯಿಂದ ಕೊತ್ತಂಬರಿಯ ಬೇರು ಎತ್ತಿಕೊಟ್ಟಳು. ಮಣ್ಣು ಕೆರೆದು ತೊಳೆದ, ಬಿಳಿಯ, ಕಡ್ಡಿಯಂಥ ಬೇರು. ನಾವು ಕಟ್ಟು ಬಿಚ್ಚುತ್ತಲೇ ಕತ್ತರಿಸಿ ಕಸಕ್ಕೆ ಎಸೆಯುವುದು. ಗುಂಡಿನ ನಾಲ್ಕು ಏಟು ಬಿದ್ದಿತ್ತೋ ಇಲ್ಲವೋ, ಸೊಪ್ಪಿಗಿಂತ ಗಾಢವಾದ ವಾಸನೆ ಮೂಗಿಗೆ ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಬೇರು ಕಸಕ್ಕೆ ಹೋಗುವುದಿಲ್ಲ. ಸಾರಿನ ಪುಡಿಯ ಜೊತೆ ಜಜ್ಜಿ ಹಾಕುತ್ತೇವೆ.

ಊಟವಾದ ಮೇಲೆ ತಟ್ಟೆ ಎತ್ತಲು ಹೋದರೆ ಬಿಡಲಿಲ್ಲ. ಹಿತ್ತಲಲ್ಲಿ ಇಬ್ಬರು ಹೆಂಗಸರು ನಮ್ಮೆಲ್ಲರ ಬಾಣಲೆಗಳನ್ನು ಟಬ್ಬಿನಲ್ಲಿ ಮುಳುಗಿಸಿ ಉಜ್ಜುತ್ತಿದ್ದರು. ಮುಂದೆ ನಮಗೆ ಪ್ರಮಾಣಪತ್ರ ಹಂಚಲಾಗುತ್ತಿತ್ತು. ಒಂದು ಅಡುಗೆಗೆ ಎಷ್ಟು ಪಾತ್ರೆ ಬೇಕೆಂಬುದು ತೊಳೆಯುವವರಿಗೆ ಮಾತ್ರ ಗೊತ್ತು. ಭಾನುವಾರ ಗಂಡಸರು ಉತ್ಸಾಹದಿಂದ ಅಡುಗೆಮನೆಗೆ ನುಗ್ಗಿದರೆ ಒಂದು ಒಗ್ಗರಣೆಗೆ ಮೂರು ಬಾಣಲೆ ಸಿಂಕಿಗೆ ಬೀಳುವುದು ಇದೇ ಕಾರಣಕ್ಕೆ. ಉಜ್ಜಿದ ಕೈ ತಾನಾಗಿ ಲೆಕ್ಕ ಕಲಿಯುತ್ತದೆ. ತಳ ಹಿಡಿಸಿದವನೇ ತಿಕ್ಕುವಂತಾದರೆ ಮರುದಿನ ಉರಿ ಸಣ್ಣದಾಗುತ್ತದೆ. ಈ ಜ್ಞಾನ ಯಾವ ರೆಸಿಪಿ ಪುಸ್ತಕದಲ್ಲೂ ಅಚ್ಚಾಗಿಲ್ಲ.

ಈಗ ಕೊಡಗಿನಲ್ಲಿ, ಮಲೆನಾಡಿನಲ್ಲಿ ಹೋಂಸ್ಟೇಯವರೂ ಅತಿಥಿಗಳಿಗೆ ಅಡುಗೆ ಕಲಿಸುತ್ತಿದ್ದಾರೆ. ಸಂತೋಷ. ಅವರಲ್ಲಿ ನನ್ನದೊಂದು ವಿನಂತಿ. ಬಂದವರ ಕೈಗೆ ಚೀಲ ಕೊಟ್ಟು ಸಂತೆಗೆ ಕಳಿಸಿ, ಕೊಳೆತದ್ದನ್ನು ತಂದರೆ ಅದರಲ್ಲೇ ಅಡುಗೆ ಮಾಡಿಸಿ. ಊಟವಾದ ಮೇಲೆ ತೆಂಗಿನ ನಾರು, ಬೂದಿ ಕೊಟ್ಟು ಹಿತ್ತಲಿನ ದಾರಿ ತೋರಿಸಿ. ಪಾತ್ರೆ ತಿಕ್ಕದೆ ಕಲಿತದ್ದು ಅರ್ಧ ಅಡುಗೆ. ಪ್ರಮಾಣಪತ್ರವನ್ನು ಪಾತ್ರೆ ಬೋರಲು ಹಾಕಿದ ಮೇಲೆ ಕೊಡಿ.